ಕೈ ಏಳುವ ಮುಂಚೆ

ಬಳ್ಳಾರಿಯ ಬಿಸಿಲು ಬಾಗಿಲ ತನಕ ಬಂದು
ಚಪ್ಪಲಿಗಳ ಜೊತೆ ಹೊರಗೇ ನಿಲ್ಲುತ್ತದೆ.
ಒಳಗೆ ತಂಪು. ಯಂತ್ರಕ್ಕಾಗಿ, ನಮಗಲ್ಲ.

ಅಳತೆಪಟ್ಟಿ ಹಿಡಿದು ತಲೆಯ ಮೇಲೆ ಜಾಗ ಹುಡುಕುತ್ತೇನೆ:
ಮೂಗಿನ ಬುಡದಿಂದ ಹಿಂದಲೆಯ ಉಬ್ಬಿಗೆ,
ಕಿವಿಯಿಂದ ಕಿವಿಗೆ. ಪೆನ್ಸಿಲ್ಲಿನ ಚುಕ್ಕೆ, ಬಿಳಿ ಅಂಟು,
ಮೇಲೊಂದು ಬಟ್ಟಲು, ಅಂಗಿಯ ಗುಂಡಿಯಷ್ಟು.
ಎಡಕ್ಕೆಲ್ಲ ಬೆಸ ಅಂಕಿ, ಬಲಕ್ಕೆಲ್ಲ ಸರಿ.
ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೇನೆ,
"ಸರಿ" ಎನ್ನುವಾಗ ನಾಲಗೆ ಒಂಚೂರು ತಡೆಯುತ್ತದೆ.

ಮೊದಲು ಫಾರಂ. ಹೆಸರು, ವಯಸ್ಸು, ಕೊನೆಯ ಮೂರ್ಛೆ ಯಾವಾಗ.
ನಾಲ್ಕನೇ ಕಾಲಂ.
"ಎಡಗೈನಾ ಬಲಗೈನಾ, ಅಜ್ಜಾ?"
ಕುರುಗೋಡಿನ ಹುಲುಗಪ್ಪ ಸ್ಟೂಲಿನ ಮೇಲೆ ನೆಟ್ಟಗಾದ.
"ಇಲ್ಲೂ ಅದನ್ನ ಕೇಳ್ತೀರೇನವ್ವಾ?
ತಲಿಯೊಳಗ ಏನೈತಿ ನೋಡಾಕೂ ನಮ್ಮ ಕುಲ ಬೇಕೇನು?"

ನನ್ನ ಪೆನ್ನು ಅಲ್ಲೇ ನಿಂತಿತು.
ಪ್ರಶ್ನೆ ಅಚ್ಚು ಹಾಕಿದವರು ಯಾವ ದೇಶದವರೋ,
ಈ ಎರಡು ಪದ ನಮ್ಮಲ್ಲಿ ಕೇರಿಯಾಗಿದ್ದು, ಬಾವಿಯಾಗಿದ್ದು,
ಒಳಮೀಸಲಾತಿಯ ಮೆರವಣಿಗೆಯಾಗಿದ್ದು ಅವರಿಗೆ ಗೊತ್ತಿಲ್ಲ.
ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

"ಅಲ್ಲಜ್ಜಾ, ಬರೆಯೋ ಕೈ."
"ನಾ ಬರದಿಲ್ಲ."
"ಉಣ್ಣೋ ಕೈ?"
"ಎಲ್ಲಾರೂ ಉಣ್ಣೋದು ಒಂದಾ ಕೈಲಿ."
"ರಂಪಿಗಿ ಹಿಡಿಯೋ ಕೈ?"
ಆಗ ನಕ್ಕ. ಎಡಗೈ ತಾನೇ ಎದ್ದು ಬಂದು
ಗಾಳಿಯಲ್ಲಿ ತೊಗಲು ಕೊಯ್ದು ತೋರಿಸಿತು.

ಕಣ್ಣು ಮುಚ್ಚು ಅಂದೆ. ಹಿಂದಲೆಯಲ್ಲಿ ಅಲೆ ಎದ್ದವು,
ಸೆಕೆಂಡಿಗೆ ಒಂಬತ್ತು, ಹತ್ತು,
ಹಗ್ಗದ ಮೇಲೆ ಸಾಲಾಗಿ ಒಣಗುವ ಜೀನ್ಸ್ ಪ್ಯಾಂಟುಗಳು
ಒಂದೇ ಗಾಳಿಗೆ ಆಡುವ ಹಾಗೆ.
ನೆತ್ತಿಯ ಎರಡು ಮಗ್ಗುಲಲ್ಲಿ ಬೇರೆಯದೇ ಅಲೆ, ಕಮಾನು ಕಮಾನು.
ನಿನಗೆ ಬೇಕೆನಿಸಿದಾಗ ಎಡಗೈ ಮುಷ್ಟಿ ಕಟ್ಟು, ಅಂದೆ.
ಬಲ ನೆತ್ತಿಯಲ್ಲಿ ಕಮಾನು ತಗ್ಗಿತು.
ಯಾವಾಗಲೂ ಹಾಗೇ, ಕೈ ಈಚೆಗಿದ್ದರೆ ಕರೆ ಆಚೆಗೆ.
ಕೈ ಏಳುವುದಕ್ಕಿಂತ ಒಂದು ಗಳಿಗೆ ಮುಂಚೆಯೇ
ಅಲ್ಲಿ ಸದ್ದಡಗಿರುತ್ತದೆ.
ಬಲಗೈ ಅಂದೆ. ಎಡ ನೆತ್ತಿ ತಗ್ಗಿತು, ಬಲದ್ದೂ ಸ್ವಲ್ಪ.
ಎಡಚರಲ್ಲಿ ಹೀಗೆ ಎರಡೂ ಕಡೆ ಹಂಚಿಕೊಳ್ಳುವುದುಂಟಂತೆ,
ಹಾಗೆಂದ ಡಾಕ್ಟರೇ
ಒಬ್ಬರ ಒಂದು ಪಟ್ಟಿ ನೋಡಿ ಏನೂ ಹೇಳಬಾರದು ಎಂದೂ ಗದರುತ್ತಾರೆ.

"ಏನಂತೈತಿ ನಿಮ್ಮ ಮಿಷನ್ನು?"
"ಕೈ ಏಳೋ ಮುಂಚೆ ತಲಿ ಸುಮ್ಮನಾಗತೈತಿ ಅಂತ."
"ಅದಕ್ಕ ಇಷ್ಟು ವಾಯರ್ ಯಾಕ?
ತೊಗಲಿಗೆ ರಂಪಿಗಿ ಇಡೋ ಮುಂಚೆ ನಾನೂ ಉಸಿರು ಹಿಡಿತಿದ್ದೆ.
ಹಿಡಿಲಿಲ್ಲಂದ್ರ ಗೆರಿ ಸೊಟ್ಟ."

ಬಿಸಿನೀರ ಬಟ್ಟೆಯಲ್ಲಿ ಅವನ ಕೂದಲ ಅಂಟು ಒರೆಸಿದೆ.
ಬಾಗಿಲಲ್ಲಿ ಬಗ್ಗಿದವನು ತನ್ನ ಕೆರ ಮೆಟ್ಟಲಿಲ್ಲ,
ನನ್ನವನ್ನು ಎತ್ತಿಕೊಂಡ. ಬಾರು ಜಗ್ಗಿದ,
ಹಿಮ್ಮಡ ಸವೆದಲ್ಲಿ ಹೆಬ್ಬೆರಳು ಆಡಿಸಿದ.
"ನೀ ರೊಡ್ಡಿ ಅದಿಯಲ್ಲವ್ವಾ. ಯಾರು ತಿದ್ದಿದ್ರು?"

ಫಾರಮ್ಮಿನ ಮೇಲೆ ಇನ್ನೂ ನನ್ನ ಬಲಗೈ ಇತ್ತು.

ಅಜ್ಜಿ. ಲಂಗದ ಲಾಡಿ.
ಒಂದು ತುದಿ ಮಣಿಕಟ್ಟಿಗೆ, ಒಂದು ತುದಿ ಮಂಚದ ಕಾಲಿಗೆ,
ಮಗ್ಗಿ ಬರೆದು ಮುಗಿಯುವ ತನಕ.
ಸರಸ್ವತಿ ಮುನಿಸಿಕೊಳ್ಳುತ್ತಾಳೆ, ಎನ್ನುತ್ತಿದ್ದಳು,
ಗಂಟನ್ನು ಮಾತ್ರ ಸಡಿಲವಾಗಿಯೇ ಹಾಕುತ್ತಿದ್ದಳು.
ಆಮೇಲೆ ಯಾರೂ ಕಟ್ಟಲಿಲ್ಲ. ಬೇಕಾಗಲಿಲ್ಲ.

ಸಂಜೆ ಕೊನೆಯ ಪೇಷಂಟು ಹೋದ ಮೇಲೆ
ಜೂನಿಯರ್ ಮಸ್ತಾನಬಿಗೆ ಅಂದೆ: ನನ್ನ ತಲೆ ಅಳಿ.
"ಎಲ್ಲಾ ಅಂಕಿನಾ ಅಕ್ಕಾ?"
ನೆತ್ತಿಯ ಎರಡು ಸಾಕು. ಮೂರು, ನಾಲ್ಕು.

ಎರಡೂ ಕೈ ತೊಡೆಯ ಮೇಲಿಟ್ಟು ಕೂತೆ. ಪೆನ್ನಿಲ್ಲ.
ಬರಿಯೋದನ್ನ ಬರೇ ನೆನಿಸ್ಕೋ, ಅಂದಳು.
ನನ್ನ ಹೆಸರಿನ ಮೊದಲ ಅಕ್ಷರ ನೆನೆಸಿಕೊಂಡೆ,
ಅದರ ಕೊಂಬು, ಅದರ ತಲೆಕಟ್ಟು.
ಪರದೆ ಬೆನ್ನ ಹಿಂದಿತ್ತು.

"ಯಾವ ಕಡೆ ತಗ್ಗಿತು?"
ಮಸ್ತಾನಬಿ ಬೇಗ ಹೇಳಲಿಲ್ಲ.